ಕ್ಯಾಪ್ಟನ್ ಕೈ ಹಿಡಿದವರು

ಸೂರ್ಯನಿಗೆ ಹಗ್ಗ ಕಟ್ಟಿ ಎಳೆದು ತಂದ ಗಂಡು ನಮ್ಮ ಕಟ್ಟಡದ ಮೇಲಿನ ಮನೆಯಲ್ಲೇ ಇದ್ದ. ಅವನಿಗೆ ಪ್ರೀತಿ ಮಾಡುವುದನ್ನು ಹೇಳಿಕೊಟ್ಟವಳು ನಾನೇ. ಸರಿ, ಅರ್ಧ ಸುಳ್ಳು. ಸೂರ್ಯನನ್ನು ಎಳೆದದ್ದು ಟೀವಿಯಲ್ಲಿ. ಪಾಠ ಹೇಳಿದ್ದೇನೋ ನಿಜ, ಅದು ಅವನ ಕಿವಿಗೆ ಬಿತ್ತೋ ಇಲ್ಲವೋ ದೇವರೇ ಬಲ್ಲ.

ಆ ಧಾರಾವಾಹಿ ಶುರುವಾದಾಗ ಹುಟ್ಟಿದ ಕೂಸುಗಳಿಗೆ ಈಗ ಮೀಸೆ ಬಂದಿದೆ. ಅಷ್ಟು ಕಾಲದಿಂದ ಅವನು ಅದರಲ್ಲಿ ಆಕಾಶದ ಹಡಗು ಓಡಿಸುವ ಕ್ಯಾಪ್ಟನ್. ಹೆತ್ತ ತಾಯಿಯೇ ಅವನ ಹೆಸರು ಮರೆತು, "ಕ್ಯಾಪ್ಟನ್, ಕಸ ಹಾಕಿ ಬಾರೋ" ಎನ್ನುತ್ತಿದ್ದಳು. ತೆರೆಯ ಮೇಲೆ ಮೂರು ತಲೆಯ ರಾಕ್ಷಸ ಬಂದರೂ ಹುಬ್ಬು ಅಲುಗಿಸದವನು, ಮನೆಯಲ್ಲಿ ಜಿರಳೆ ಕಂಡರೆ ಮಂಚ ಹತ್ತುತ್ತಿದ್ದ. ಮದುವೆಯ ಮಾತೆತ್ತಿದರೆ ಮಂಚದಿಂದ ಇಳಿಯುತ್ತಲೇ ಇರಲಿಲ್ಲ.

ಆ ಧಾರಾವಾಹಿಯಲ್ಲಿ ಒಂದು ಕಟ್ಟಳೆಯಿತ್ತು. ಕ್ಯಾಪ್ಟನ್ ಯಾರ ಕೈ ಹಿಡಿಯುತ್ತಾನೋ ಅವಳು ಉಳಿಯುವುದಿಲ್ಲ. ಹಡಗಿನಲ್ಲಿ ಗಿಡ ಬೆಳೆಸುತ್ತಿದ್ದ ವಿಜ್ಞಾನಿ ಕಪ್ಪುಕುಳಿಗೆ ಬಿದ್ದಳು. ಯಾವುದೋ ಗ್ರಹದ ರಾಜಕುಮಾರಿ ಮಂಜುಗಡ್ಡೆಯಾದಳು. ಹಡಗಿನ ರೇಡಿಯೋ ನೋಡಿಕೊಳ್ಳುವ ಹುಡುಗಿಯಂತೂ ಅವನ ತೋಳಲ್ಲೇ ಬೆಳಕಾಗಿ ಕರಗಿಹೋದಳು. ಪಾಪ, ಮಾರನೇ ದಿನ ಸೋಪಿನ ಜಾಹೀರಾತಾದರೂ ಸಿಕ್ಕೀತೇ ಎಂದು ಬಾಗಿಲು ಬಾಗಿಲು ತಟ್ಟುತ್ತಿದ್ದಳು. ಡೈರೆಕ್ಟರ್ ಲೆಕ್ಕ ಸರಳ. ಮನೆಯಲ್ಲಿ ಹೆಂಡತಿ "ಸಂಜೆ ಬೇಗ ಬನ್ನಿ, ಬರುವಾಗ ತರಕಾರಿ ತನ್ನಿ" ಎಂದರೆ, ಮುಂದಿನ ವಾರ ಲೋಕ ಉಳಿಸಲು ಹೋಗುವವರು ಯಾರು?

ಆದರೆ ಒಂದು ಮಾತು ಒಪ್ಪಬೇಕು. ಮೊದಮೊದಲು ಅವನು ಬರೀ ಗುಂಡಿ ಒತ್ತುವ ಗಂಡಸು. ಗಿಡದವಳು ಹೋದ ಮೇಲೆ ಅವಳ ಕುಂಡಕ್ಕೆ ನೀರು ಹಾಕತೊಡಗಿದ. ರೇಡಿಯೋದವಳು ಹೋದ ಮೇಲೆ, ಶತ್ರುವಿನ ಮೇಲೆ ಗುಂಡು ಹಾರಿಸುವ ಮುಂಚೆ "ಮನೇಲಿ ಯಾರಿದ್ದಾರಪ್ಪ ನಿಂಗೆ?" ಎಂದು ಕೇಳತೊಡಗಿದ. ಒಬ್ಬೊಬ್ಬಳು ಹೋದಾಗಲೂ ಆ ಮುಖಕ್ಕೆ ಒಂದೊಂದು ಕಳೆ ಏರಿತು. ಅಳು ನುಂಗಿಕೊಂಡು ಹಡಗು ತಿರುಗಿಸುವ ಆ ಮುಖ ನೋಡುತ್ತಾ ನಮ್ಮ ಬೀದಿಯ ಹೆಂಗಸರು ಒಲೆಯ ಮೇಲೆ ಉಕ್ಕಿಸಿದ ಹಾಲಿನಲ್ಲಿ ದೋಣಿ ಬಿಡಬಹುದಿತ್ತು.

ಅವತ್ತು ಬೆಳಿಗ್ಗೆ ಸ್ಟುಡಿಯೋದಿಂದ ಫೋನು. ಇವತ್ತು ಕ್ಯಾಪ್ಟನ್ ಹಡಗಿನ ಡಾಕ್ಟರಮ್ಮನ ಕೈ ಹಿಡಿಯಬೇಕು.

ಕ್ಯಾಪ್ಟನ್ ಗಾಳಿ ಹೋದ ಚೆಂಡಿನಂತೆ ಕುರ್ಚಿಗೆ ಕುಸಿದ. ಡಾಕ್ಟರಮ್ಮನ ಪಾತ್ರ ಮಾಡುವವಳು ವರ್ಷಗಟ್ಟಲೆ ಅವನ ಜೊತೆ ದುಡಿದವಳು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಓದುತ್ತಿರುವ ಮಗಳು. ದುಡಿಯುವ ಕೈ ಅವಳದೊಂದೇ. ಆ ಕೈಯನ್ನು ಇವನು ಹಿಡಿದನೋ, ಮೂವರ ಅನ್ನಕ್ಕೆ ಕಲ್ಲು ಬಿತ್ತು.

"ಅಮ್ಮಾ, ಒಂದು ಹಸಿ ಈರುಳ್ಳಿ ಕೊಡು."

"ಪ್ರೀತಿ ಮಾಡೋಕೆ ಹೊರಟೋನು ಈರುಳ್ಳಿ ತಿಂತಾನೇನೋ?"

"ಅದಕ್ಕೇ ಕೊಡು ಅಂದಿದ್ದು. ಸೀನ್ ಕೆಟ್ಟರೆ ಡೈರೆಕ್ಟ್ರು ಈ ಪ್ರೀತಿನೇ ಕಿತ್ತು ಬಿಸಾಕ್ತಾರೆ. ಅವಳ ಕೆಲಸ ಉಳಿಯುತ್ತೆ."

ತಾಯಿ ಎರಡು ಕೊಟ್ಟಳು. "ನಿಂಗೆ ಇನ್ನೂ ಯಾಕೆ ಹೆಣ್ಣು ಸಿಕ್ಕಿಲ್ಲ ಅಂತ ಇವತ್ತು ಅರ್ಥ ಆಯ್ತು, ತಿನ್ನು."

ಫೋನಿನ ಮಾತು ಗೋಡೆ ತೂರಿ, ಅವನಿಗಿಂತ ಮುಂಚೆ ಮೆಟ್ಟಿಲು ಇಳಿದಿತ್ತು. ಕೆಳಮನೆಯ ದರ್ಜಿ ಕ್ಯಾಪ್ಟನ್ ಅಂಗಿ ಹಿಡಿದುಕೊಂಡೇ ಕಾಯುತ್ತಿದ್ದ. "ಹಾಕ್ಕೊಳ್ಳಿ ಕ್ಯಾಪ್ಟನ್ರೇ! ಪ್ರೀತಿಯ ದಿನ ಹೊಟ್ಟೆ ಕಾಣಬಾರದು. ಸೊಂಟದ ಹತ್ರ ಸ್ವಲ್ಪ ಹಿಡಿದಿದ್ದೀನಿ."

ಸ್ವಲ್ಪ ಅಂದರೆ, ಒಳಗೆ ಹೋದ ಉಸಿರು ಹೊರಗೆ ಬರಲು ಅಪ್ಪಣೆ ಕೇಳಬೇಕು.

"ಅಣ್ಣಾ, ಸಾಯ್ತೀನಿ."

"ಸಾಯೋದು ಅವಳಲ್ವಾ? ನೀವ್ಯಾಕೆ ಸಾಯ್ತೀರಿ, ನಡೀರಿ!"

ಬಾಗಿಲಲ್ಲಿ ಕೂತಿದ್ದ ಒಬ್ಬ ಮುದುಕಿ, ಯಾರೆಂದು ಕೇಳಬೇಡಿ, ಅವನ ತೋಳು ಹಿಡಿದೆಳೆದಳು. "ಹೆಣ್ಣಿನ ಹತ್ರ ಡೈಲಾಗ್ ಹೊಡೀಬೇಡ ಕಣೋ. ಮನಸ್ಸಲ್ಲಿರೋದು ಹೇಳು. ಥೂ, ಏನೋ ಇದು ಈರುಳ್ಳಿ ವಾಸನೆ!"

ಸ್ಟುಡಿಯೋದಲ್ಲಿ ಆಕಾಶದ ಹಡಗು ಅಂದರೆ ಪ್ಲೈವುಡ್ಡು. ಅದರ ಮಾಯದ ಬಾಗಿಲನ್ನು ಆಚೆಯಿಂದ ಇಬ್ಬರು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಡಾಕ್ಟರಮ್ಮ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನಕ್ಕಳು.

"ಇವತ್ತು ನನ್ನ ಸರದಿಯಂತೆ ಸಾರ್. ಹೇಗಾದ್ರೂ ಸಾಯಿಸ್ಲಿ, ಐಸ್ ಮಾತ್ರ ಬೇಡ ಅಂತ ಹೇಳಿ. ರಾಜಕುಮಾರಿಗೆ ವಾರವಿಡೀ ನೆಗಡಿ."

ನಗುತ್ತಿದ್ದಳು ನಿಜ, ಗುಂಡಿ ಮಾತ್ರ ತೂತಿಗೆ ಹೋಗುತ್ತಿರಲಿಲ್ಲ.

"ನೀವು ಹೋಗಲ್ಲ," ಎಂದ ಕ್ಯಾಪ್ಟನ್. "ನಾನಿದ್ದೀನಿ."

ಕ್ಯಾಮೆರಾ ಓಡಿತು. ಕ್ಯಾಪ್ಟನ್ ಅವಳ ಮುಖದ ಹತ್ತಿರ ಬಾಯಿ ತಂದು ಜೋರಾಗಿ ಉಸಿರು ಬಿಟ್ಟ. ಡಾಕ್ಟರಮ್ಮನ ಕಣ್ಣಲ್ಲಿ ಧಾರಾಕಾರ ನೀರು.

"ಅಬ್ಬಬ್ಬಾ!" ಡೈರೆಕ್ಟರ್ ತೊಡೆ ತಟ್ಟಿದ. "ಗ್ಲಿಸರಿನ್ ಇಲ್ಲದೆ ಅತ್ತಳಲ್ರೀ! ಮುಂದಕ್ಕೆ!"

ಸರಿ, ಮುಖವನ್ನೇ ನೋಡಬಾರದು ಎಂದುಕೊಂಡು ಕ್ಯಾಪ್ಟನ್ ಮೇಲಿದ್ದ ದೀಪ ನೋಡುತ್ತಾ ನಿಂತ.

"ನೋಡಿ ನೋಡಿ, ಕಣ್ಣೆತ್ತಿ ನೋಡೋಕೂ ಆಗ್ತಿಲ್ಲ. ಇದು ಪ್ರೀತಿ ಅಂದ್ರೆ!"

ಈಗ ಬಿಗಿಯಂಗಿ ಕೈ ಕೊಟ್ಟಿತು. ಉಸಿರು ಸಿಕ್ಕಿಹಾಕಿಕೊಂಡು ಎದೆ ಕಮ್ಮಾರನ ತಿದಿಯಂತೆ ಏರಿ ಇಳಿಯಿತು. ಉರುಹೊಡೆದ ಮಾತೆಲ್ಲ ಹಾರಿಹೋಯಿತು. ದೀಪ ಹಿಡಿದವನು ಕೂಡ ಉಸಿರು ಬಿಗಿಹಿಡಿದ. ಕ್ಯಾಪ್ಟನ್ ಕೊನೆಗೆ ಇನ್ನೂ ತೂತಿಗೆ ಹೋಗದ ಅವಳ ಕೋಟಿನ ಗುಂಡಿ ನೋಡಿದ. ಬಾಯಿಂದ ತಾನಾಗಿ ಬಂತು.

"ನೀವು ಇರ್ಬೇಕು ಕಣ್ರೀ. ನನ್ನ ಜೊತೆ ಅಲ್ಲದಿದ್ರೂ ಪರವಾಗಿಲ್ಲ. ಇರ್ಬೇಕು, ಅಷ್ಟೇ."

ಬಾಗಿಲೆಳೆಯುವ ಇಬ್ಬರೂ ಹಗ್ಗ ಬಿಟ್ಟು ಕಣ್ಣೊರೆಸಿಕೊಂಡರು. ಮಾಯದ ಬಾಗಿಲು ದಬಾರನೆ ಬಿತ್ತು. ಯಾರೂ ಆ ಕಡೆ ತಿರುಗಲಿಲ್ಲ.

ಕೆಡಿಸಲು ಹೋಗಿ ಇಷ್ಟು ಚೆನ್ನಾಗಿ ಮಾಡಿಬಿಟ್ಟೆನಲ್ಲ ಎಂದು ಕ್ಯಾಪ್ಟನ್ ತಲೆ ಚಚ್ಚಿಕೊಂಡ. ನೇರ ಡೈರೆಕ್ಟರ್ ಕೋಣೆಗೆ ಹೋಗಿ ಕೈ ಮುಗಿದ. ಜಿರಳೆಗೆ ಹೆದರುವ ಮನುಷ್ಯ, ಇಷ್ಟು ವರ್ಷ ಒಂದು ಲೋಟ ಚಹಾ ಕೂಡ ಬಾಯಿಬಿಟ್ಟು ಕೇಳಿದವನಲ್ಲ.

"ಅವಳನ್ನ ಸಾಯಿಸಬೇಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ. ಬೇಕಿದ್ರೆ ನನ್ನ ಏನಾದ್ರೂ ಮಾಡಿ."

"ಅವಳನ್ನ ಯಾರ್ರೀ ಸಾಯಿಸ್ತಾರೆ?" ಡೈರೆಕ್ಟರ್ ಅವನ ಬೆನ್ನು ತಟ್ಟಿದ. "ಇಂಥ ಪ್ರೀತಿ ನೋಡಿದ ಮೇಲೆ ಅವಳನ್ನ ಮುಟ್ಟಿದ್ರೆ ಜನ ಸ್ಟುಡಿಯೋಗೆ ಬೆಂಕಿ ಇಡ್ತಾರೆ. ಅವಳನ್ನ ಉಳಿಸೋಕೆ ಪ್ರಾಣ ಕೊಡೋ ಮುಖ ಇದ್ರೆ ಅದು ನಿಮ್ಮದೇ. ನಾಳೆ ನೀವು ಸೂರ್ಯನೊಳಕ್ಕೆ ಹಾರ್ತೀರಿ. ಇನ್ಮೇಲೆ ಅವಳೇ ಕ್ಯಾಪ್ಟನ್ನು!"

ಕ್ಯಾಪ್ಟನ್ ಮುಖದಲ್ಲಿ ಅಳು, ನಗು ಎರಡೂ ಒಟ್ಟಿಗೆ ಬಂದವು. ಅವಳ ಕೆಲಸ ಉಳಿಯಿತು. ಇವನದು ಹೋಯಿತು. ಆದರೂ ಆ ಮಹಾರಾಯ ಅಂದದ್ದೇನು ಗೊತ್ತೇ? "ಬಹಳ ಉಪಕಾರ ಆಯ್ತು ಸಾರ್."

ಸುದ್ದಿ ಕೇಳಿ ಡಾಕ್ಟರಮ್ಮ ಬಿರುಗಾಳಿಯಂತೆ ಒಳನುಗ್ಗಿದಳು. "ಇವರಿಲ್ಲ ಅಂದ್ರೆ ನಾನೂ ಇಲ್ಲ! ಏನಾದ್ರೂ ಪಾತ್ರ ಕೊಟ್ಟು ಇವರನ್ನ ಇಟ್ಕೊಳ್ಳಿ, ಇಲ್ಲಾಂದ್ರೆ ಈ ಕೋಟು ಈಗಲೇ ಬಿಚ್ಚಿಡ್ತೀನಿ."

ಡೈರೆಕ್ಟರ್ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು.

"ಆಯ್ತಮ್ಮ. ಮುಖಕ್ಕೆ ನೀಲಿ ಬಳಿದು ಬೇರೆ ಗ್ರಹದೋನು ಅಂತ ಕರ್ಕೊಂಡ್ ಬರೋಣ. ಹೇಗೂ ಹೊಸ ಕ್ಯಾಪ್ಟನ್ನಿಗೂ ಒಂದು ಪ್ರೀತಿ ಬೇಕಲ್ಲ!"

ಡಾಕ್ಟರಮ್ಮ ಸಂತೋಷದಿಂದ ಅವನ ಮುಂದೆ ಕೈ ಚಾಚಿದಳು. ಅವನು ಆ ಕೈ ನೋಡಿದ, ಡೈರೆಕ್ಟರ್ ಮುಖ ನೋಡಿದ, ಮತ್ತೆ ಕೈ ನೋಡಿದ.

ಈಗ ನೀವೇ ಹೇಳಿ, ಜಾಣರಿದ್ದೀರಲ್ಲ. ಹಿಡಿದನೋ, ಬಿಟ್ಟನೋ? ಹಿಡಿದ ಅನ್ನುವುದಾದರೆ, ಆ ನೀಲಿ ಮುಖ ಟೀವಿಯಲ್ಲಿ ಎಷ್ಟು ವಾರ ಬಾಳಿತು?