ಬರೀ ಕೋಸು ಕಣ್ರೀ

ಐರಿಷ್ ಜನರ ಸಂತ ಪ್ಯಾಟ್ರಿಕ್ಕನ ಹಬ್ಬ ಆ ವರ್ಷ ಶುಕ್ರವಾರ ಬಿದ್ದದ್ದೇ ಎಲ್ಲ ಎಡವಟ್ಟಿಗೂ ಕಾರಣ. ಗುರುವಾರ ಬಿದ್ದಿದ್ದರೆ ಮಲಾಕಿ ಟೂಹಿ ಸುಖವಾಗಿರುತ್ತಿದ್ದ. ಶನಿವಾರ ಬಿದ್ದಿದ್ದರೂ ತೊಂದರೆಯಿರಲಿಲ್ಲ. ಆದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಪ್ಯಾಟ್ರಿಕ್ಕನ ಹಬ್ಬವೆಂದರೆ ಬೀಫು, ಎಲೆಕೋಸು ಇಲ್ಲದೆ ಆಗುವಂತಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡವನು ಈ ಬಡಪಾಯಿ ಬಸ್ ಡ್ರೈವರ್.

ಹಿಂದೆಲ್ಲ ಹೀಗಾದಾಗ ಹಳೆಯ ಬಿಷಪ್ಪರು ವಾರ ಮುಂಚೆಯೇ ಮಾಂಸ ತಿನ್ನಲು ಅಪ್ಪಣೆ ಕೊಟ್ಟುಬಿಡುತ್ತಿದ್ದರು. ಅವರೂ ಐರಿಷ್ ತಾಯಿಯ ಮಗನೇ, ನಾಲಿಗೆ ಅವರಿಗೂ ಇತ್ತು. ಆ ಧೈರ್ಯದ ಮೇಲೆಯೇ ಮಲಾಕಿ ದನದ ಎದೆಮಾಂಸದ ದೊಡ್ಡ ತುಂಡೊಂದನ್ನು ಉಪ್ಪುನೀರು, ಲವಂಗ, ಸಾಸಿವೆ, ಕಾಳುಮೆಣಸಿನ ಜೊತೆ ಭರಣಿಗೆ ಹಾಕಿ ನೆಲಮಾಳಿಗೆಯಲ್ಲಿ ನೆನೆಯಲು ಬಿಟ್ಟಿದ್ದ. ದಿನಾ ಇಳಿದು ಹೋಗಿ, ಮಗುವಿನ ಮಗ್ಗುಲು ಬದಲಿಸುವಂತೆ ಅದನ್ನು ಹೊರಳಿಸಿ ಬರುತ್ತಿದ್ದ.

ಇಷ್ಟು ಮುತುವರ್ಜಿ ಬರೀ ಹೊಟ್ಟೆಗಲ್ಲ. ಸೇಂಟ್ ಬ್ರೆಂಡನ್ ಚರ್ಚಿನ ಹಾಲ್‌ನಲ್ಲಿ ಹಬ್ಬದ ಸಂಜೆ ಎಲ್ಲರೂ ತಂತಮ್ಮ ಪಾತ್ರೆ ತಂದು ಒಟ್ಟಿಗೆ ಉಣ್ಣುತ್ತಾರೆ. ಯಾರ ಬೀಫು ಎಲ್ಲಕ್ಕಿಂತ ಚೆನ್ನಾಗಿದೆಯೆಂದು ಹಿರಿಯಜ್ಜಿ ನ್ಯಾನ್ ಹಾನ್ಲನ್ ಹೇಳುತ್ತಾಳೋ ಅವರು ಭಾನುವಾರದ ಮೆರವಣಿಗೆಯಲ್ಲಿ ಎಲ್ಲರ ಮುಂದೆ ಹಸಿರು ಬಾವುಟ ಹಿಡಿದು ನಡೆಯಬೇಕು. ಮಲಾಕಿಯ ತಾಯಿ ಬ್ರೀಜಿಯ ಕೈರುಚಿಯ ಪುಣ್ಯದಿಂದ ಅವನ ಅಪ್ಪ ಎಷ್ಟೋ ಸಲ ಆ ಬಾವುಟ ಹಿಡಿದಿದ್ದ. ಅಮ್ಮ ಸತ್ತ ಮೇಲೆ ರುಚಿಯೂ ಅವಳ ಜೊತೆಯಲ್ಲೇ ಹೋಗಿತ್ತು. ಈಚೆಗೆ ಬಾವುಟ ಹಿಡಿಯುತ್ತಿದ್ದವನು ಮಲಾಕಿಯ ಮೇಲಿನ ಮಹಡಿಯ ಬಾರ್ನಿ ಕ್ವಿಲ್ಟಿ. ಹಿಡಿದು, ತಿರುತಿರುಗಿ ಮಲಾಕಿಯ ಮುಖ ನೋಡುತ್ತಿದ್ದ. ಅಮ್ಮ ಈರುಳ್ಳಿಯನ್ನು ಕೆಂಡದ ಮೇಲೆ ಕಪ್ಪಗೆ ಸುಟ್ಟು ಪಾತ್ರೆಗೆ ಹಾಕುತ್ತಿದ್ದಳೆಂಬುದು ಮಲಾಕಿಗೆ ಈ ಚಳಿಗಾಲದಲ್ಲಿ ಥಟ್ಟನೆ ನೆನಪಾಗಿತ್ತು. ಈ ಸಲ ಬಾವುಟ ತನ್ನದೇ ಎಂದು ಅವನು ಮನಸ್ಸಿನಲ್ಲೇ ನಾಲ್ಕು ಬೀದಿ ಮೆರವಣಿಗೆ ಮಾಡಿ ಮುಗಿಸಿದ್ದ.

ಹಬ್ಬದ ಬೆಳಿಗ್ಗೆ ಸುಟ್ಟ ಈರುಳ್ಳಿ ಹಾಕಿದ ಬೀಫಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಉರಿ ಸಣ್ಣಗೆ ಮಾಡಿ ಅವನು ಚರ್ಚಿನ ಪೂಜೆಗೆ ಹೋದ. ಪ್ರವಚನ ಮುಗಿಸಿ ಫಾದರ್ ಹೆನೆಬ್ರಿ ಕೆಮ್ಮಿದರು.

"ಹೊಸ ಬಿಷಪ್ಪರಿಂದ ಅಪ್ಪಣೆ ಬಂದಿಲ್ಲ. ಬರೋತನಕ ಯಾರೂ ಮಾಂಸ ಬೇಯಿಸೋಹಾಗಿಲ್ಲ. 'ತಿನ್ನಲ್ಲ ಫಾದರ್, ಬರೀ ಬೇಯಿಸ್ತೀವಿ' ಅಂತ ನನ್ನ ಹತ್ರ ಬರಬೇಡಿ. ನಿಮ್ಮನ್ನೆಲ್ಲ ಬಲ್ಲೆ ನಾನು. ಇವತ್ತು ಬೇಯಿಸಿದೋರು ಈ ಜನ್ಮದಲ್ಲಿ ಬಾವುಟ ಮುಟ್ಟೋಹಾಗಿಲ್ಲ. ಸಂಜೆ ಊಟಕ್ಕೆ ಬರೀ ಕೋಸು, ಆಲೂಗಡ್ಡೆ."

ಚರ್ಚಿನ ತುಂಬ ನಿಟ್ಟುಸಿರು ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಲಾಕಿ ತನ್ನ ಕೋಟಿನ ತೋಳನ್ನು ಮೂಸಿ ನೋಡಿಕೊಂಡ. ಹಿಂದಿನ ಬೆಂಚಿನಿಂದ ಬಾರ್ನಿ ಕ್ವಿಲ್ಟಿ ಅದನ್ನು ನೋಡುತ್ತಿದ್ದ.

ಮಲಾಕಿ ಮನೆಗೆ ಓಡಿದ. ಅದು ಮೂರಂತಸ್ತಿನ ಹಳೆಯ ಮರದ ಮನೆ. ಕೆಳಗೆ ವಿಧವೆ ಡೀಲಿಯಾ ಗರಾಟಿ, ನಡುವೆ ಮಲಾಕಿ, ಮೇಲೆ ಬಾರ್ನಿ. ಒಬ್ಬರು ಸೀನಿದರೆ ಮಿಕ್ಕಿಬ್ಬರು 'ದೇವರು ಕಾಪಾಡಲಿ' ಅನ್ನುವಂಥ ಗೋಡೆಗಳು. ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಬೀಫಿನ ಘಮ. ಒಲೆ ಆರಿಸಿಬಿಡೋಣವೆಂದು ಕೈ ಚಾಚಿದ. ಅರ್ಧ ಬೆಂದದ್ದನ್ನು ಇಳಿಸಿದರೆ ಅದು ಚಪ್ಪಲಿಗೆ ಅಟ್ಟೆ ಹಾಕುವುದಕ್ಕೆ ಮಾತ್ರ ಲಾಯಕ್ಕು. ಸಂಜೆಯೊಳಗೆ ಅಪ್ಪಣೆ ಬಂದುಬಿಟ್ಟರೆ? ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಚಾಚಿದ ಕೈ ಒಂದು ಎಲೆಕೋಸನ್ನು ಎತ್ತಿಕೊಂಡಿತು. ಕೋಸಿನ ವಾಸನೆ ಎಬ್ಬಿಸಿದರೆ ಬೀಫಿನ ವಾಸನೆ ಅದರ ಸೆರಗಿನಲ್ಲಿ ಅಡಗಿಕೊಳ್ಳಬಹುದು ಎಂಬುದು ಅವನ ಲೆಕ್ಕ. ಇನ್ನೊಂದು ಪಾತ್ರೆಯಲ್ಲಿ ಕೋಸನ್ನು ಹೆಚ್ಚಿ ಹಾಕಿ ಭರಭರ ಕುದಿಸತೊಡಗಿದ.

ಬಾಗಿಲು ಬಡಿದ ಸದ್ದು. ಗರಾಟಿಯಮ್ಮ. ಚರ್ಚಿನ ಮೇಣದಬತ್ತಿ, ಹೂವು, ಊರವರ ಪಾಪಪುಣ್ಯ ಮೂರೂ ಅವಳ ಉಸ್ತುವಾರಿ.

"ಏನೋ ಬೇಯ್ತಿದೆ ಮಲಾಕಿ?"

"ಬರೀ ಕೋಸು ಕಣ್ರೀ ಗರಾಟಿಯಮ್ಮ."

"ಕೋಸಿಗೆ ಯಾರೋ ಲವಂಗ ಹಾಕ್ತಾರೆ?"

"ನಮ್ಮಮ್ಮ ಹಾಕ್ತಿದ್ಲು."

"ಬ್ರೀಜಿ ನಂಗೆ ಗೊತ್ತಿಲ್ವೇನೋ? ಅವಳು ಕೋಸಿಗೆ ಉಪ್ಪು ಹಾಕೋದಕ್ಕೇ ಯೋಚನೆ ಮಾಡ್ತಿದ್ಲು." ಅವಳ ಮೂಗು ಅವಳಿಗಿಂತ ಮುಂಚೆ ಬಾಗಿಲೊಳಗೆ ಬಂದಿತ್ತು. "ಒಳಗೆ ಬರ್ಲಾ?"

"ಬೇಡಿ, ನಾನು ಸ್ನಾನಕ್ಕೆ ಹೊರಟಿದ್ದೆ."

"ಕೋಟು ಹಾಕ್ಕೊಂಡಾ?"

ಮಲಾಕಿ ಬಾಗಿಲು ಮುಚ್ಚಿದ. ಅವಳು ಮೆಟ್ಟಿಲ ಮೇಲೇ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಒಂದು ಸಂಗತಿ ಮಾತ್ರ ಅವನ ಮನಸ್ಸಿಗೆ ಚುರುಕ್ಕೆಂದಿತು. ಗರಾಟಿಯಮ್ಮನ ಏಪ್ರನ್ನಿನಿಂದಲೂ ಲವಂಗದ ವಾಸನೆ ಬಂತಲ್ಲ? ಇಲ್ಲ, ತನ್ನದೇ ವಾಸನೆ ಇರಬೇಕು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಕಿಟಕಿ ತೆಗೆದರೆ ಘಮ ನೇರ ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಹಿಂಬದಿಯ ಮೆಟ್ಟಿಲಿಂದ ಬಾರ್ನಿ ಕ್ವಿಲ್ಟಿ ಇಳಿದು ಬಂದ, ಕೈಯಲ್ಲಿ ಖಾಲಿ ಬಟ್ಟಲು.

"ಒಂಚೂರು ಉಪ್ಪು ಕೊಡ್ತೀಯೇನೋ?"

"ಮೊನ್ನೆ ತಾನೇ ಮೂಟೆ ಹೊತ್ಕೊಂಡು ಹೋಗ್ತಿದ್ದೆ ನೀನು."

"ಖರ್ಚಾಯ್ತು." ಬಾರ್ನಿ ಅವನ ಭುಜದ ಮೇಲಿಂದ ಒಲೆಯ ಕಡೆ ಕತ್ತು ಚಾಚಿದ. "ಒಬ್ಬನಿಗೆ ಎರಡು ಪಾತ್ರೇನಾ ಮಲಾಕಿ?"

"ಒಂದ್ರಲ್ಲಿ ಹಸಿರು ಕೋಸು, ಇನ್ನೊಂದ್ರಲ್ಲಿ ಬಿಳಿ ಕೋಸು."

"ಓಹೋ, ಇವತ್ತು ಕೋಸಿಗೆ ಎಣ್ಣೆ ಜಿಡ್ಡೂ ಬಂದಿದೆ, ಮುಚ್ಚಳದ ಮೇಲೆ ನೋಡು."

"ನಿನ್ನ ಕಿಟಕಿಗೆ ಯಾಕೋ ಟವೆಲ್ ಸಿಕ್ಕಿಸಿದೀಯ?" ಎಂದು ಮಲಾಕಿ ತಿರುಗಿಸಿ ಕೇಳಿದ. ಬಾರ್ನಿ ಉಪ್ಪು ತೆಗೆದುಕೊಳ್ಳದೆಯೇ ಮೇಲೆ ಹೋದ.

ಮಧ್ಯಾಹ್ನದ ಹೊತ್ತಿಗೆ ಮಲಾಕಿ ಇನ್ನೆರಡು ಕೋಸು ಬೇಯಿಸಿದ್ದ. ವಿನೆಗರ್ ಕುದಿಸಿದ, ಬ್ರೆಡ್ಡು ಸುಟ್ಟ, ಹಳೆಯ ಬೂಟಿಗೆ ಪಾಲಿಷ್ ಹಚ್ಚಿ ಒಲೆಯ ಪಕ್ಕ ಇಟ್ಟ. ಬೀಫು ಮಾತ್ರ ಯಾವುದಕ್ಕೂ ಜಗ್ಗದೆ, ಮದುವೆ ಮನೆಯ ವಾಲಗದಂತೆ ಎಲ್ಲದರ ಮೇಲೆಯೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ಗರಾಟಿಯಮ್ಮನ ದನಿ ಬಂತು. "ಬನ್ನಿ ಫಾದರ್, ನೀವೇ ಮೂಸಿ ನೋಡಿ. ನಾನು ಚಾಡಿ ಹೇಳೋಳಲ್ಲ."

ಮಲಾಕಿ ಬೀಫಿನ ಪಾತ್ರೆಗೆ ಕೋಟು ಸುತ್ತಿ ಅಪ್ಪಿಕೊಂಡು ಹಿಂಬದಿಯ ಮೆಟ್ಟಿಲಿಳಿದು ಬೇಲಿ ದಾಟಿದ. ಬೇಲಿಯಾಚೆಯ ಷೆಡ್ಡಿನಲ್ಲಿ ಸ್ವೀಡನ್ನಿನ ಮರಗೆಲಸದ ಎಕ್ಮನ್ ಕುರ್ಚಿಯ ಕಾಲು ಉಜ್ಜುತ್ತಿದ್ದ. ಒಳ್ಳೆಯ ಮನುಷ್ಯ. ಮಾತು ಬಲು ಕಡಿಮೆ, ಕೊಟ್ಟ ಮಾತು ಮಾತ್ರ ಕಬ್ಬಿಣ.

"ಎಕ್ಮನ್, ನೀನು ಲೂಥರನ್ ತಾನೇ, ನಮ್ಮ ಚರ್ಚಿನೋನಲ್ಲ? ಶುಕ್ರವಾರ ಮಾಂಸ ತಿಂತೀಯ ತಾನೇ?"

ಎಕ್ಮನ್ ಯೋಚಿಸಿದ. "ತಿಂತೀನಿ."

"ಹಾಗಾದ್ರೆ ಈ ಪಾತ್ರೆ ನಿಂದು. ತಿನ್ನು, ನಾಯಿಗೆ ಹಾಕು, ಏನಾದ್ರೂ ಮಾಡ್ಕೋ. ಯಾರು ಕೇಳಿದ್ರೂ 'ನಾನೇ ಬೇಯಿಸಿದ್ದು' ಅನ್ನು. ಮಾತು ಕೊಡು."

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ. ನಾನೇ ಬಂದು ಕಾಲಿಗೆ ಬಿದ್ದು ಕೇಳಿದ್ರೂ."

ಎಕ್ಮನ್ ಕೈಯ ಧೂಳು ಒರೆಸಿಕೊಂಡು ಮಲಾಕಿಯ ಕೈ ಕುಲುಕಿದ. "ಮಾತು ಕೊಟ್ಟೆ."

ಬೇಲಿಯವರೆಗೆ ಓಡಿದ ಮಲಾಕಿ ಕರುಳು ತಡೆಯದೆ ಮತ್ತೆ ಹಿಂದಿರುಗಿದ. "ಕುದಿಸ್ಬೇಡ ಕಣೋ. ಸಣ್ಣ ಉರೀಲಿ ಸುಮ್ನೆ ಮಿಸುಕ್ತಾ ಇರ್ಬೇಕು, ಸಂಜೆತನಕ. ಕೋಸು ಕೊನೇಲಿ ಹಾಕು."

ಅವನು ಅಡುಗೆಮನೆಗೆ ಮರಳುವ ಹೊತ್ತಿಗೆ ಫಾದರ್ ಹೆನೆಬ್ರಿ ಕುರ್ಚಿಯಲ್ಲಿ ಕೂತಿದ್ದರು. ಗರಾಟಿಯಮ್ಮ ಅಷ್ಟರಲ್ಲೇ ಒಲೆಯ ಮೇಲೆ, ಒಲೆಯ ಕೆಳಗೆ, ಮಂಚದ ಕೆಳಗೆ ಎಲ್ಲ ನೋಡಿ ಮುಗಿಸಿದ್ದಳು. ಫಾದರ್ ಮುಚ್ಚಳ ತೆಗೆದರು. ಬರೀ ಕೋಸು.

"ಮಾಂಸ ಬೇಯಿಸಿದ್ಯೇನೋ ಮಲಾಕಿ? ನನ್ನ ಮುಖ ನೋಡಿ ಹೇಳು."

"ನಮ್ಮಮ್ಮನಾಣೆ ಇಲ್ಲ ಫಾದರ್. ಇವತ್ತು ಈ ಒಲೆ ಕಂಡಿರೋದು ಬರೀ ಕೋಸು."

ಆಣೆ ಬಾಯಿಂದ ಹೊರಬಿದ್ದ ಕೂಡಲೆ ಅವನು ನಾಲಿಗೆ ಕಚ್ಚಿಕೊಂಡ. ಸತ್ತ ತಾಯಿಯ ಮೇಲೆ ಸುಳ್ಳು ಆಣೆ! ಗೋಡೆಯ ಮೇಲಿನ ಫೋಟೋದಲ್ಲಿ ಬ್ರೀಜಿ ಟೂಹಿ ನೆಟ್ಟಗೆ ಇವನನ್ನೇ ನೋಡುತ್ತಿದ್ದಳು. ಫಾದರ್ ಎದ್ದು ಅವನ ಬೆನ್ನು ತಟ್ಟಿದರು.

"ಈ ಬೀದೀಲಿ ಇವತ್ತು ನನ್ನ ಮೂಗಿಗೆ ಬಹಳ ಕಷ್ಟ ಆಗಿದೆ. ನಿನ್ನ ಪಾತ್ರೆ ನೋಡಿ ಸಮಾಧಾನವಾಯ್ತಪ್ಪ."

ಗರಾಟಿಯಮ್ಮ ಮೆಟ್ಟಿಲಿಳಿದಳು. ಅವಳ ಅನುಮಾನ ಸತ್ತಿರಲಿಲ್ಲ, ಉಸಿರು ಹಿಡಿದು ಮಲಗಿತ್ತು ಅಷ್ಟೇ.

ಸಂಜೆ ಹಾಲ್‌ನಲ್ಲಿ ಸಾಲಾಗಿ ಕೋಸು, ಸಾಲಾಗಿ ಆಲೂಗಡ್ಡೆ. ಪಿಟೀಲು ಬಾರಿಸುವವನೂ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದ. ಫಾದರ್ ಪ್ರಾರ್ಥನೆಗೆ ಕೈಯೆತ್ತಬೇಕು, ಅಷ್ಟರಲ್ಲಿ ಅವರ ಮನೆಯ ಅಡುಗೆಯವಳು ಏದುಸಿರು ಬಿಡುತ್ತ ಓಡಿಬಂದಳು.

"ಫಾದರ್, ಬಿಷಪ್ಪರ ಮನೆಯಿಂದ ಫೋನು! ತಿನ್ಬಹುದಂತೆ! ಬದಲಿಗೆ ಬೇರೆ ದಿನ ಉಪವಾಸ ಮಾಡ್ಬೇಕಂತೆ!"

ಹಾಲ್ ಖಾಲಿಯಾಯಿತು. ಫಾದರ್ ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಮತ್ತೆ ತುಂಬಿತು. ಒಬ್ಬೊಬ್ಬರ ಕೈಯಲ್ಲೂ ಹೊಗೆಯಾಡುವ ಪಾತ್ರೆ. ಎಲ್ಲರಿಗಿಂತ ಮುಂದೆ ಗರಾಟಿಯಮ್ಮ, ಅವಳ ಹಿಂದೆ ಬಾರ್ನಿ ಕ್ವಿಲ್ಟಿ.

"ಅರ್ಧ ದಿನ ಬೇಯೋ ಪದಾರ್ಥ ಇಷ್ಟು ಬೇಗ ಹೇಗೆ ಬೆಂತು?" ಎಂದರು ಫಾದರ್.

"ನಿನ್ನೆ ಗುರುವಾರಾನೇ ಬೇಯಿಸಿಟ್ಟಿದ್ದೆ ಫಾದರ್, ಈಗ ಬಿಸಿ ಮಾಡಿದ್ದಷ್ಟೇ," ಎಂದಳು ಗರಾಟಿಯಮ್ಮ, ಕಣ್ಣು ಮಿಟುಕಿಸದೆ.

"ನಂದೂ ನಿನ್ನೇದೇ," ಎಂದ ಬಾರ್ನಿ. "ನಮ್ಮದೂ," "ನಮ್ಮದೂ," ಎಂದಿತು ಇಡೀ ಹಾಲ್. ಫಾದರಿಗೂ ಹಸಿವಾಗಿತ್ತು, ಅವರು ಹೆಚ್ಚು ಕೆದಕಲಿಲ್ಲ.

ಇಷ್ಟು ಸಣ್ಣ ಮಾತು ದಿನವಿಡೀ ಮಲಾಕಿಯ ತಲೆಗೆ ಹೊಳೆದಿರಲಿಲ್ಲ! ತಲೆ ಚಚ್ಚಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಎಕ್ಮನ್ನನ ಮನೆಗೆ ಓಡಿದ. ಬಾಗಿಲಿಗೆ ಬೀಗ. ನಾಯಿ ಎಲುಬು ಕಡಿಯುತ್ತ ಕೂತಿರಬಹುದೇ ಎಂದು ಷೆಡ್ಡಿನ ಹಿಂದೆ ಇಣುಕಿದ, ನಾಯಿಯೂ ಇರಲಿಲ್ಲ. ಅಳು ಬರುವ ಮುಖ ಹೊತ್ತು ಹಾಲ್‌ಗೆ ಮರಳಿದರೆ ಅಲ್ಲಿ ಎಕ್ಮನ್! ಒಗೆದ ಅಂಗಿ ತೊಟ್ಟು, ಕೂದಲು ಬಾಚಿ, ಮಲಾಕಿಯ ಅಮ್ಮನ ರುಚಿಯಿದ್ದ ಆ ಬೀಫನ್ನು ತನ್ನ ತಟ್ಟೆಯಲ್ಲಿ ಜೋಡಿಸಿಟ್ಟು ನಿಂತಿದ್ದ. ನೆರೆಹೊರೆಯವನೆಂದು ಪ್ರತಿವರ್ಷ ಅವನನ್ನೂ ಕರೆಯುತ್ತಿದ್ದರು. ಪ್ರತಿವರ್ಷ ಅವನು ಉಪ್ಪು ಮೀನು ತರುತ್ತಿದ್ದ, ಯಾರೂ ಮುಟ್ಟುತ್ತಿರಲಿಲ್ಲ.

ನ್ಯಾನ್ ಹಾನ್ಲನ್ ಒಂದೊಂದೇ ಪಾತ್ರೆಯ ರುಚಿ ನೋಡುತ್ತ ಬಂದಳು. ಬಾರ್ನಿಯದಕ್ಕೆ ತಲೆಯಾಡಿಸಿದಳು. ಗರಾಟಿಯಮ್ಮನದಕ್ಕೆ ನೀರು ಕೇಳಿದಳು. ಎಕ್ಮನ್ನನ ತಟ್ಟೆಯಿಂದ ಒಂದು ತುಣುಕು ಬಾಯಿಗಿಟ್ಟುಕೊಂಡವಳು ಅಗಿಯುವುದನ್ನೇ ನಿಲ್ಲಿಸಿದಳು. ಮುದುಕಿಯ ಕಣ್ಣು ತುಂಬಿ ಬಂತು.

"ಇದು ಬ್ರೀಜಿ ಟೂಹಿ ಕೈರುಚಿ. ಸತ್ತೋಳು ಎದ್ದು ಬಂದು ಬಡಿಸಿದ ಹಾಗಿದೆ ಕಣ್ರೋ. ಬಾವುಟ ಇದಕ್ಕೇ."

ಮಲಾಕಿಗೆ ಇನ್ನು ತಡೆಯುವುದಕ್ಕಾಗಲಿಲ್ಲ. "ಅದು ನಂದು!" ಎಂದು ಕೂಗಿದ. "ನಾನೇ ಬೇಯಿಸಿದ್ದು! ಅದು ನಮ್ಮಮ್ಮಂದು!"

ಫಾದರ್ ಹುಬ್ಬು ಗಂಟಿಕ್ಕಿದರು.

"ಮಧ್ಯಾಹ್ನ ಅಮ್ಮನಾಣೆ ಇಟ್ಟು ಬರೀ ಕೋಸು ಅಂದ್ಯಲ್ಲೋ?"

"ಸುಳ್ಳು ಹೇಳ್ದೆ ಫಾದರ್!"

"ಆಗ ಹೇಳಿದ್ದು ಸುಳ್ಳಲ್ಲ, ಈಗ ಹೇಳ್ತಿರೋದು ಸುಳ್ಳು!" ಗರಾಟಿಯಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಮಂಚದ ಕೆಳಗೂ ನೋಡಿದೀನಿ ನಾನು. ಬೆಳಿಗ್ಗೆಯಿಂದ ಇವನ ಮೇಲೆ ಕಣ್ಣಿಟ್ಟಿದ್ದೆ. ಬರೀ ಕೋಸು! ಬೇಕಾದ್ರೆ ಶಿಲುಬೆ ಮುಟ್ಟಿ ಹೇಳ್ತೀನಿ."

"ನಂಗೂ ಅವನೇ ಹೇಳ್ದ," ಎಂದ ಬಾರ್ನಿ. "ಒಂದ್ರಲ್ಲಿ ಹಸಿರು ಕೋಸು, ಒಂದ್ರಲ್ಲಿ ಬಿಳಿ ಕೋಸು. ಬಾವುಟದ ಆಸೆ ನೋಡಿ, ಪಾಪದ ಲೂಥರನ್ ಮಾಡಿದ್ದನ್ನೂ ನಂದು ಅಂತಾನೆ!"

ಫಾದರ್ ಬಿಟ್ಟರೆ ಬೆಳಗಿನಿಂದ ಅವನ ಸುಳ್ಳನ್ನು ಒಬ್ಬರೂ ನಂಬಿರಲಿಲ್ಲ. ಈಗ ನಿಜ ಹೇಳಿದರೆ ಅದನ್ನೂ ಒಬ್ಬರೂ ನಂಬಲಿಲ್ಲ. ಮಲಾಕಿ ಎಕ್ಮನ್ನನ ಕಡೆ ತಿರುಗಿ ಕೈಮುಗಿದ.

"ಎಕ್ಮನ್, ನೀನಾದ್ರೂ ಹೇಳಯ್ಯಾ. ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ಬೇಯಿಸಿದ್ಯಾರು?"

ಎಕ್ಮನ್ ಅವನನ್ನೇ ದಿಟ್ಟಿಸಿದ. ಆ ಪೆದ್ದುಮುಖದಲ್ಲಿ ದೊಡ್ಡದೊಂದು ನಿಷ್ಠೆ ಬೆಳಗುತ್ತಿತ್ತು.

"ನಾನೇ ಬೇಯಿಸಿದ್ದು," ಎಂದ.

ಚಪ್ಪಾಳೆ ಬಿತ್ತು. ಪಿಟೀಲಿನವನು ಎದ್ದ. ಬಾವುಟ ಎಕ್ಮನ್ನನ ಕೈಗೆ ಹೋಯಿತು. ಸತ್ತ ತಾಯಿಯ ಹೆಸರಿನಲ್ಲಿ ನೆರೆಯವನ ತಟ್ಟೆಗೆ ಕೈ ಹಾಕಿದ್ದಕ್ಕೆ ಪ್ರಾಯಶ್ಚಿತ್ತವೆಂದು ಫಾದರ್ ಮಲಾಕಿಯ ಮುಂದೆ ತಾವೇ ತಟ್ಟೆಯಿಟ್ಟರು. ಈ ರಾತ್ರಿ ಅವನಿಗೆ ಬರೀ ಕೋಸು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಮಲಾಕಿಯ ತುತ್ತು ಎದುರಿನವರ ಬಾಯಲ್ಲೆಲ್ಲ ಹೊಕ್ಕು ಹೊರಳುವುದನ್ನು ಅವನು ಕೂತು ನೋಡಿದ. ಗರಾಟಿಯಮ್ಮ ಎರಡನೆಯ ಸಲ ಹಾಕಿಸಿಕೊಂಡಳು.

ಊಟದ ಗದ್ದಲದ ನಡುವೆ ಎಕ್ಮನ್ ಬಾವುಟ ಹಿಡಿದುಕೊಂಡೇ ಬಂದು ಅವನ ಪಕ್ಕ ಕೂತ. ಸುತ್ತ ನೋಡಿ, ಕಿವಿಯ ಹತ್ತಿರ ಬಗ್ಗಿ, ಅವನ ತೊಡೆ ತಟ್ಟಿದ.

"ಹೆದರಬೇಡ ಮಲಾಕಿ. ನೀನು ಬಾಯಿ ಬಿಟ್ರೂ ನಾನು ಬಿಡ್ಲಿಲ್ಲ ನೋಡು."