ಸೀನಿಯಾರಿಟಿ ಪ್ರಕಾರ ಗುಟ್ಟು

ಇದನ್ನು ಹೇಳಿಬಿಡಬೇಕೆಂದು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಎಂದುಕೊಂಡೆ, ಆಮೇಲೆ ಮೊಮ್ಮಗಳ ನಾಮಕರಣ ಮುಗಿಯಲಿ ಎಂದುಕೊಂಡೆ. ತಪ್ಪಿಸಿಕೊಳ್ಳಲು ನನಗೆ ಸಿಕ್ಕಷ್ಟು ನೆಪ ನಮ್ಮ ಸ್ಕೂಲಿನ ಮಕ್ಕಳಿಗೂ ಸಿಗುತ್ತಿರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಿಜಯನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಸರ್ಕ್ಯುಲರ್ ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಹೋಗಿ ಮೇಷ್ಟ್ರುಗಳ ಸಹಿ ಹಾಕಿಸುವುದು ನನ್ನ ಮುಖ್ಯ ಕೆಲಸ. ಅದಕ್ಕೊಂದು ಕ್ರಮವಿತ್ತು: ಹಾಜರಿ ಪುಸ್ತಕದಲ್ಲಿ ಹೆಸರುಗಳಿದ್ದಂತೆಯೇ ಸೀನಿಯರ್ ಮೊದಲು, ಜೂನಿಯರ್ ಕೊನೆಗೆ. ಹತ್ತಿರದ ಕೋಣೆಯೆಂದು ಒಮ್ಮೆ ಡ್ರಾಯಿಂಗ್ ಮೇಷ್ಟ್ರ ಬಳಿ ಮೊದಲು ಹೋಗಿದ್ದಕ್ಕೆ ಗಣಿತದ ಮೇಷ್ಟ್ರು ಒಂದು ವಾರ ನಾನು ತಂದ ಟೀ ಮುಟ್ಟಲಿಲ್ಲ. ಅಂದಿನಿಂದ ನನ್ನ ಕಾಲುಗಳೇ ಹಾಜರಿ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದವು.

ಒಂದು ದಿನ ಆಡಳಿತ ಮಂಡಳಿಯಿಂದ ಹಾಳೆಗಳು ಬಂದವು: 'ಮುಖ್ಯೋಪಾಧ್ಯಾಯರ ನೈತಿಕ ನಾಯಕತ್ವದ ಬಗ್ಗೆ ಶಿಕ್ಷಕರ ಅಭಿಪ್ರಾಯ'. ಹೆಸರು ಬರೆಯಬಾರದು, ಟಿಕ್ ಮಾತ್ರ ಹಾಕಬೇಕು. ಮೊದಲ ಪ್ರಶ್ನೆ, ಅವರು ಸಮಯಪಾಲನೆಯಲ್ಲಿ ಮಾದರಿಯೇ? ಮೊದಲ ಪೀರಿಯಡ್ಡಿನಲ್ಲೇ ಹೆಚ್ಚಿನವರು 'ಹೌದು' ಎಂದು ಟಿಕ್ ಹಾಕಿ ಕೊಟ್ಟರು. ಆ ಹೊತ್ತಿಗೆ ಹೆಡ್‌ಮಾಸ್ಟರ್ ಇನ್ನೂ ಸ್ಕೂಲಿಗೆ ಬಂದಿರಲಿಲ್ಲ.

"ಓದೋದೇ ಬೇಡ್ವಾ ಸಾರ್?" ಎಂದು ಗಣಿತದ ಮೇಷ್ಟ್ರನ್ನು ಕೇಳಿದೆ.

"ಓದಿದ್ರೆ ಯೋಚ್ನೆ ಬರುತ್ತೆ ಕಣಯ್ಯಾ. ತಗೊಂಡ್ ಹೋಗು" ಎಂದರು.

ವಿಜ್ಞಾನದ ಮೇಡಂ ಒಬ್ಬರು ಮಾತ್ರ ಕೂತು ಓದಿದರು. ಸೇರಿ ಎರಡೇ ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಕೆಲಸ ಕಾಯಂ ಆಗಬೇಕಿತ್ತು. "ರಂಗಣ್ಣ, ಇದು ಯಾರ್ದು ಅಂತ ಗೊತ್ತಾಗಲ್ಲ ತಾನೆ?" ಎಂದರು.

"ದೇವ್ರಿಗೂ ಗೊತ್ತಾಗಲ್ಲ ಮೇಡಂ" ಎಂದೆ.

ಹೆಡ್‌ಮಾಸ್ಟರ್ ಬಂದವರೇ, ಮಂಡಳಿಗೆ ಕಳಿಸುವ ಮೊದಲು ಹಾಳೆಗಳನ್ನು ತಿರುವಿದರು. ಒಂದರಲ್ಲಿ ಸಾಲಾಗಿ 'ಇಲ್ಲ'.

"ಯಾರ್ದಯ್ಯ ಇದು?"

"ಹೆಸರಿಲ್ಲ ಸಾರ್."

"ಯಾವ ಆರ್ಡರಲ್ಲಿ ತಂದೆ?"

ನನ್ನ ಶಿಸ್ತಿನ ಬಗ್ಗೆ ಅಷ್ಟು ಆಸಕ್ತಿಯಿಂದ ಯಾರೂ ಕೇಳಿರಲಿಲ್ಲ. "ಸೀನಿಯಾರಿಟಿ ಪ್ರಕಾರ ಸಾರ್, ಒಂದೂ ಆಚೀಚೆ ಆಗಿಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಹಾಜರಿ ಪುಸ್ತಕವನ್ನು ಪಕ್ಕಕ್ಕೆಳೆದುಕೊಂಡು ಬೆರಳಿಟ್ಟು ಎಣಿಸತೊಡಗಿದಾಗ ನನಗೆ ಹೊಳೆಯಿತು. ಆಗಲಾದರೂ, ದಾರಿಯಲ್ಲಿ ಬಿದ್ದು ಎಲ್ಲ ಕಲಸಿಹೋದವು ಎನ್ನಬಹುದಿತ್ತು. ಸುಳ್ಳು ನನಗೇನು ಹೊಸದೇ? ಮನೆಯಲ್ಲಿ ಮಲಗಿದ್ದ ಹೆಡ್‌ಮಾಸ್ಟರನ್ನು 'ರೌಂಡ್ಸ್‌ನಲ್ಲಿದ್ದಾರೆ' ಎಂದು ಫೋನಿನಲ್ಲಿ ಎಷ್ಟು ಸಲ ಓಡಾಡಿಸಿಲ್ಲ! ಆ ದಿನ ಮಾತ್ರ ಸತ್ಯವಂತನಾಗಿ ಸುಮ್ಮನೆ ನಿಂತುಬಿಟ್ಟೆ.

ಆ ಹಾಳೆ ಮಂಡಳಿಗೆ ಹೋಗಲೇ ಇಲ್ಲ. ನೈತಿಕ ನಾಯಕತ್ವಕ್ಕೆಂದು ಹೆಡ್‌ಮಾಸ್ಟರಿಗೆ ಫಲಕ ಬಂತು. ಗೋಡೆಗೆ ಮೊಳೆ ಹೊಡೆದವನು ನಾನೇ. ಬೇಸಿಗೆಯಲ್ಲಿ ಮೇಡಂ ಕೆಲಸ ಹೋಯಿತು.

ಕಳೆದ ತಿಂಗಳು ಅವರು ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲ ಬಳಿ ಸಿಕ್ಕರು. ಈಗ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತಾರಂತೆ. "ಹುಷಾರಾಗಿದೀರಾ ರಂಗಣ್ಣ? ಆ ಸ್ಕೂಲಲ್ಲಿ ನೆಟ್ಟಗಿದ್ದೋರು ನೀವೊಬ್ರೇ" ಎಂದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು, ನಾನು ತಿದ್ದಲಿಲ್ಲ. ಜೀವಮಾನದಲ್ಲಿ ನನ್ನನ್ನು ಹಾಗೆ ಹೊಗಳಿದವರು ಅವರೊಬ್ಬರೇ. ಅದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲ. ನಿಮಗೆಲ್ಲ ಹೇಳುವಷ್ಟು ಧೈರ್ಯ ಈಗ ಬಂದಿದೆ. ಕೇಳಬೇಕಾದವರಿಗೆ ಮಾತ್ರ ಇನ್ನೂ ಹೇಳಿಲ್ಲ. ಅವರ ಹೆಸರು ಮಂಜುಳಾ ಮೇಡಂ.