ನೇರಳೆ ಮನೆಯಿಂದ ನೂರು ಮೀಟರು ಉತ್ತರಕ್ಕೆ

ನಮ್ಮ ಕೋಸ್ಟರಿಕಾಕ್ಕೆ ಬರುವ ಪ್ರಯಾಣಿಕರು ವಿಮಾನ ಇಳಿಯುವ ಮೊದಲೇ ನಮ್ಮ ಬಗ್ಗೆ ನಮಗಿಂತ ಹೆಚ್ಚು ತಿಳಿದುಕೊಂಡಿರುತ್ತಾರೆ. ಅವರ ಕೈಯಲ್ಲೊಂದು ಕೈಪಿಡಿ ಇರುತ್ತದೆ. ಈ ಪುಟ್ಟ ದೇಶಕ್ಕೆ ಸೈನ್ಯವಿಲ್ಲ ಎನ್ನುತ್ತದೆ ಅದು. ಇಲ್ಲಿನ ಜನ ಸದಾ ಸುಖಿಗಳು. ಇಲ್ಲಿನ ಕಾಡಿನಲ್ಲಿ ಸ್ಲಾತ್ ಎಂಬ ಪ್ರಾಣಿ ಕೊಂಬೆಗೆ ನೇತುಬಿದ್ದು ನಿದ್ದೆ ಹೊಡೆಯುತ್ತದೆ, ಅದನ್ನು ಯಾರೂ ಎಬ್ಬಿಸುವುದಿಲ್ಲ. ಇಲ್ಲಿನ ಮನೆಗಳಿಗೆ ನಂಬರಿಲ್ಲ. ಕಣ್ಣಿಗೆ ಬೀಳುವ ಒಂದು ಗುರುತು ಹಿಡಿದು, ಅಲ್ಲಿಂದ ಇಷ್ಟು ಮೀಟರು ಉತ್ತರ, ಇಷ್ಟು ಪೂರ್ವ ಎಂದು ವಿಳಾಸ ಹೇಳುತ್ತಾರೆ. ಉದಾಹರಣೆಗೆ, ಸಾನ್ ಬ್ರೌಲಿಯೊ ಊರಿನ ನೇರಳೆ ಮನೆ.

ಆ ದಿನ ಬೆಳಿಗ್ಗೆ ಈ ಉದಾಹರಣೆಯೊಳಗೆ ಎಲಿಯೇಸರ್ ಮಲಗಿದ್ದ. ಮಲಗಿದ್ದ ಎಂದರೆ ಮಲಗುವ ಪ್ರಯತ್ನದಲ್ಲಿದ್ದ.

ಅವನು ಪೇಟೆಯಾಚೆಗಿನ ದೋನ್ ಫೆರ್ಮಿನ್ ಅವರ ಬೇಕರಿಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಊರು ಮಲಗಿದಾಗ ಇವನು ಹಿಟ್ಟು ನಾದಬೇಕು, ಊರು ಎದ್ದಾಗ ಇವನು ಮಲಗಬೇಕು. ಮೊದಲರ್ಧ ಸಲೀಸಾಗಿ ನಡೆಯುತ್ತಿತ್ತು. ಎರಡನೆಯ ಅರ್ಧಕ್ಕೆ ಊರು ಒಪ್ಪಿರಲಿಲ್ಲ. ಹಿಂದಿನ ರಾತ್ರಿ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಮೂರು ತಟ್ಟೆ ಬನ್ನನ್ನು ಇದ್ದಿಲು ಮಾಡಿದ್ದ. ದೋನ್ ಫೆರ್ಮಿನ್ ಒಂದು ಬನ್ನನ್ನು ಎತ್ತಿ ಮೇಜಿಗೆ ಕುಟ್ಟಿ ನೋಡಿದರು. ಮೇಜಿಗೆ ಗೀರು ಬಿತ್ತು. “ಇನ್ನೊಂದ್ಸಲ ಹೀಗಾದ್ರೆ ಎಲಿಯೇಸರ್, ನೀನು ಮನೇಲೇ ಆರಾಮಾಗಿ ಮಲಕ್ಕೋಬಹುದು” ಎಂದಿದ್ದರು.

ಹಾಗಾಗಿ ಇವತ್ತು ನಿದ್ದೆ ಮಾಡಲೇಬೇಕಿತ್ತು. ಕಣ್ಣು ಮುಚ್ಚುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

“ಅಣ್ಣಾ, ನೇರಳೆ ಮನೆ ಇದೇ ತಾನೇ?” ಗ್ಯಾಸ್ ಸಿಲಿಂಡರ್ ತಂದವನು.

“ಕಣ್ಣಿಗೆ ಕಾಣಲ್ವೇನಪ್ಪಾ?”

“ಕಾಣುತ್ತೆ. ಕೇಳಿ ಖಾತ್ರಿ ಮಾಡ್ಕೊಳ್ಳೋದು ಒಳ್ಳೇದಲ್ವಾ? ಇಲ್ಲಿಂದ ನೂರು ಮೀಟರು ಉತ್ತರ, ಕರೀ ಗೇಟು. ಉತ್ತರ ಯಾವ್ಕಡೆ?”

ಎಲಿಯೇಸರ್ ಉತ್ತರ ತೋರಿಸಿ ಬಂದು ಮಲಗಿದ. ಮತ್ತೆ ಬಡಿತ. ಈ ಸಲ ಕೆನಡಾದ ದಂಪತಿಗಳು, ಮುಖದ ತುಂಬ ನಗು, ಕೈಯಲ್ಲಿ ಕೈಪಿಡಿ. “ನೀವು ಉದಾಹರಣೆಯ ಮನೆಯವರಲ್ವಾ!” ಎಂದು ಹೆಂಗಸು ಚಪ್ಪಾಳೆ ತಟ್ಟಿದಳು. ಚಡ್ಡಿಯಲ್ಲಿದ್ದ ಎಲಿಯೇಸರನನ್ನು ಗೋಡೆಗೆ ಒರಗಿಸಿ ಫೋಟೋ ತೆಗೆದರು.

“ನೀವು ತುಂಬಾ ಸುಖವಾಗಿದ್ದೀರಂತೆ, ಹೌದಾ?” ಎಂದು ಗಂಡಸು ಕೇಳಿದ.

“ಪೂರಾ ವಿದಾ” ಎಂದ ಎಲಿಯೇಸರ್. ನಮ್ಮಲ್ಲಿ ಹಾಗೆಂದರೆ ಬದುಕು ಸೊಗಸಾಗಿದೆ ಅಂತ. ಹಲ್ಲು ಕಿತ್ತಾಗಲೂ ಬಸ್ಸು ತಪ್ಪಿದಾಗಲೂ ನಾವು ಹೇಳುವುದು ಅದನ್ನೇ. ದಂಪತಿಗಳು ತೃಪ್ತರಾಗಿ ಹೋದರು.

ಮನೆಗೆ ಆ ಬಣ್ಣ ಹೊಡೆದವನು ಎಲಿಯೇಸರ್ ಅಲ್ಲ, ಸತ್ತುಹೋದ ಅವನ ಸೋದರಮಾವ. ಫುಟ್‌ಬಾಲ್ ತಂಡದ ಮೇಲಿನ ಭಕ್ತಿಗೆ ಇಡೀ ಮನೆಯನ್ನು ಅದರ ಬಣ್ಣದಲ್ಲಿ ಅದ್ದಿ ತೆಗೆದಿದ್ದ. ಮಾವ ಸ್ವರ್ಗಕ್ಕೆ ಹೋದ, ಬಣ್ಣ ಅಳಿಯನ ಪಾಲಿಗೆ ಉಳಿಯಿತು. ಹಾಸಿಗೆಯ ಮೇಲೆ ಕೂತ ಎಲಿಯೇಸರನಿಗೆ ಆಗ ಜ್ಞಾನೋದಯವಾಯಿತು. ಮನೆ ನೇರಳೆಯಾಗಿದ್ದರೆ ತಾನೇ ನೇರಳೆ ಮನೆ? ಬಣ್ಣ ಹೋದರೆ ಪೀಡೆ ಹೋಯಿತು! ನಿದ್ದೆಗೆಟ್ಟವನಿಗೆ ಹೊಳೆಯುವ ಉಪಾಯಗಳೆಲ್ಲ ಹೀಗೇ ಬಹಳ ಅದ್ಭುತವಾಗಿರುತ್ತವೆ.

ಪೇಟೆಗೆ ಓಡಿ ಎರಡು ದೊಡ್ಡ ಡಬ್ಬಿ ಬಿಳಿ ಬಣ್ಣ ತಂದ. ಏಣಿ ಹಾಕಿ ಹತ್ತಿ ಮೊದಲ ಪಟ್ಟಿ ಎಳೆಯುವಷ್ಟರಲ್ಲಿ ಕೆಳಗೆ ಯಾರೋ ಕೆಮ್ಮಿದರು. ಎದುರಿನ ದಿನಸಿ ಅಂಗಡಿಯ ಒಡತಿ ದೋನ್ಯಾ ನಿದಿಯಾ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ನಮಗೆ ಸೈನ್ಯವಿಲ್ಲ ನಿಜ. ದೋನ್ಯಾ ನಿದಿಯಾ ಇರುವಾಗ ಅದರ ಅಗತ್ಯವೂ ಕಂಡುಬಂದಿಲ್ಲ.

“ಏನಪ್ಪಾ ಮಾಡ್ತಿದ್ದೀಯ?”

“ಬಣ್ಣ ಹೊಡೀತಿದ್ದೀನಿ ದೋನ್ಯಾ ನಿದಿಯಾ.”

“ಅದು ಕಾಣ್ತಾ ಇದೆ. ಯಾರನ್ನ ಕೇಳಿ ಹೊಡೀತಿದ್ದೀಯ?”

“ನನ್ನ ಮನೆಗೆ ನಾನು ಬಣ್ಣ ಹೊಡೆಯೋಕೆ ಯಾರನ್ನ ಕೇಳ್ಬೇಕು?”

“ಮನೆ ನಿಂದೇ ಕಣಪ್ಪಾ, ಯಾರು ಅಲ್ಲ ಅಂದ್ರು? ಬಣ್ಣ ಮಾತ್ರ ಊರಿಂದು. ಇಳಿ ಕೆಳಗೆ.”

ಅವನು ಇಳಿಯಲಿಲ್ಲ. ಅವರು ಬಾಯಿ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಏಣಿಯ ಸುತ್ತ ಸಣ್ಣದೊಂದು ಸಂತೆಯೇ ಸೇರಿತು. ಹಲ್ಲಿನ ಡಾಕ್ಟರು ರೋನಲ್ಡ್, ಬಾಯಿ ತೆರೆದ ರೋಗಿಯೊಬ್ಬನನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದಿದ್ದರು.

“ಏನ್ರೀ ಎಲಿಯೇಸರ್, ನನ್ನ ಕಾರ್ಡಲ್ಲೆಲ್ಲ ನೇರಳೆ ಮನೆಯಿಂದ ಎಪ್ಪತ್ತೈದು ಮೀಟರು ದಕ್ಷಿಣ ಅಂತ ಅಚ್ಚು ಹಾಕ್ಸಿದ್ದೀನಿ. ಹಲ್ಲುನೋವು ಬಂದೋರು ಎಲ್ಲಿಗೆ ಹೋಗ್ಬೇಕು?”

“ಮನೆಗೊಂದು ನಂಬರ್ ಹಾಕಿಸ್ಕೊಳ್ಳಿ ಡಾಕ್ಟ್ರೇ.”

ಪಾದ್ರಿಯ ಮುಂದೆ ಕೆಟ್ಟ ಬೈಗುಳ ಕೇಳಿದವರ ಹಾಗೆ ಎಲ್ಲರೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಡಾಕ್ಟರು ನೊಂದ ದನಿಯಲ್ಲಿ, “ಎಪ್ಪತ್ತೈದು ಅನ್ನೋದು ನಂಬರಲ್ವೇನ್ರೀ?” ಎಂದರು.

ಹಾಗೆ ನೋಡಿದರೆ ಮುನಿಸಿಪಾಲಿಟಿಯವರು ಹಿಂದೊಮ್ಮೆ ಪ್ರತಿ ಬೀದಿಗೂ ಹೆಸರು ಬರೆದ ಫಲಕ ನೆಟ್ಟಿದ್ದರು. ಅದರಿಂದ ಬಹಳ ಅನುಕೂಲವಾಯಿತು. ಈಗ ನಾವು ‘ಫಲಕ ಇರೋ ಕಡೆಯಿಂದ ಐವತ್ತು ಮೀಟರು’ ಎನ್ನುತ್ತೇವೆ. ಫಲಕದಲ್ಲಿ ಏನು ಬರೆದಿದೆ ಎಂದು ಈವರೆಗೆ ಯಾರೂ ಓದಿಲ್ಲ.

ಮಾವನ ಕಾಲದ ಫುಟ್‌ಬಾಲ್ ಗೆಳೆಯ, ಮುದುಕ ಚಾಲೊ, ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಿಕ್ಕಿದ. “ನಿಮ್ಮಾವ ಮೇಲಿಂದ ನೋಡ್ತಿದ್ದಾನೆ ಕಣೋ. ಹೋಗ್ಲಿ, ಕೆಂಪು ಹೊಡೀಲಿಲ್ವಲ್ಲ, ಅಷ್ಟರಮಟ್ಟಿಗೆ ಬದುಕ್ಕೊಂಡೆ” ಎಂದ. ಕೆಂಪು ಎದುರಾಳಿ ತಂಡದ ಬಣ್ಣ. ಅದನ್ನು ಹಚ್ಚಿದ್ದರೆ ಎಲಿಯೇಸರ್ ಏಣಿಯಿಂದ ತಾನಾಗಿ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅರ್ಧ ಮನೆ ಬಿಳಿಯಾಗುವ ಹೊತ್ತಿಗೆ ಊರಿನಲ್ಲಿ ಅನಾಹುತಗಳು ಶುರುವಾದವು. ಹೂವಿನ ಅಂಗಡಿಯವನು ಅರ್ಧ ನೇರಳೆ ಮನೆ ನೋಡಿ ತಲೆಕೆಟ್ಟು, ತಿರುಗಬೇಕಾದ ಮೂಲೆಯ ಹಿಂದಿನ ಮೂಲೆಯಲ್ಲೇ ತಿರುಗಿದ. ಶವಸಂಸ್ಕಾರಕ್ಕೆ ಹೋಗಬೇಕಾದ ಹೂಚಕ್ರ ದೋನ್ಯಾ ನಿದಿಯಾರ ತಾಯಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಹೋಯಿತು. ‘ನೆಮ್ಮದಿಯಿಂದ ವಿಶ್ರಮಿಸಿ’ ಎಂಬ ಪಟ್ಟಿ ಓದಿದ ಮುದುಕಿ, ಇದನ್ನು ಯಾವ ಸೊಸೆ ಕಳಿಸಿದಳೆಂದು ತನಿಖೆಗೆ ಕೂತಳು. ಹಾಗೆಯೇ ದಾರಿ ತಪ್ಪಿದ ಹುಟ್ಟುಹಬ್ಬದ ಕೇಕು ಸಾವಿನ ಮನೆ ಸೇರಿತು. ಅಲ್ಲಿಂದ ಮಾತ್ರ ಯಾವ ದೂರೂ ಬರಲಿಲ್ಲ; ವಿಧವೆ ಎರಡು ತುಂಡು ತಿಂದಳಂತೆ.

“ನೋಡಿದ್ಯಾ ನಿನ್ನ ಘನಂದಾರಿ ಕೆಲಸ! ನಮ್ಮಮ್ಮನ್ನ ಬದುಕಿರೋವಾಗ್ಲೇ ಮಣ್ಣು ಮಾಡಿಸ್ತೀಯಲ್ಲೋ!” ಎಂದು ದೋನ್ಯಾ ನಿದಿಯಾ ಏಣಿಯನ್ನು ಹಿಡಿದು ಅಲ್ಲಾಡಿಸಿದರು. ಬಣ್ಣದ ಡಬ್ಬಿ ಮಗುಚಿ ಡಾಕ್ಟರ ತಲೆಯ ಮೇಲೆ ಬಿತ್ತು. ಅವರು ಬಿಳಿ ತಲೆಯಲ್ಲೇ ರೋಗಿಯ ಹತ್ತಿರ ವಾಪಸ್ಸು ಹೋದರು. ರೋಗಿ ಹಲ್ಲುನೋವು ವಾಸಿಯಾಯಿತೆಂದು ಹೇಳಿ ಓಡಿಹೋದನಂತೆ.

ಎಲಿಯೇಸರ್ ಯಾವುದಕ್ಕೂ ಜಗ್ಗಲಿಲ್ಲ. ಉಳಿದ ಬಣ್ಣಕ್ಕೆ ನೀರು ಬೆರೆಸಿ ಮನೆಯನ್ನು ಮುಗಿಸಿಯೇಬಿಟ್ಟ. ಗುಂಪು ಬೈದು ಬೈದು ಸುಸ್ತಾಗಿ ಊಟಕ್ಕೆ ಹೋಯಿತು. ಅವನು ಫೋನು ಆರಿಸಿ, ಪರದೆ ಎಳೆದು, ಜೀವಮಾನದಲ್ಲಿ ಮೊದಲ ಸಲ ಯಾವುದಕ್ಕೂ ಉದಾಹರಣೆಯಲ್ಲದ ಮನೆಯೊಳಗೆ ಕಾಲು ಚಾಚಿದ. ಆಹಾ, ಎಂಥ ಸುಖ!

ಬಾಗಿಲು ಬಡಿಯಿತು.

“ಸ್ವಾಮೀ, ಮೊದಲು ನೇರಳೆ ಮನೆ ಅಂತ ಒಂದಿತ್ತಲ್ಲ, ಅದು ಎಲ್ಲಿತ್ತು?” ಟ್ಯಾಕ್ಸಿಯವನು.

ಎಲಿಯೇಸರ್ ಚೌಕಟ್ಟು ಹಿಡಿದುಕೊಂಡು ನಿಂತ. ತಾನು ಎಂಥ ದೇಶದಲ್ಲಿ ಹುಟ್ಟಿದ್ದೇನೆ ಎಂಬುದನ್ನು ನಿದ್ದೆಗಣ್ಣಲ್ಲಿ ಮರೆತೇಬಿಟ್ಟಿದ್ದ. ಹತ್ತಾರು ವರ್ಷದ ಹಿಂದೆ ಸುಟ್ಟುಹೋದ ಸಿನಿಮಾ ಟಾಕೀಸಿನಿಂದ ಇಂದಿಗೂ ಮೀಟರು ಎಣಿಸುವ ಜನ ನಾವು. ಗುರುತು ಹೋಯಿತೆಂದು ವಿಳಾಸ ಬದಲಾಯಿಸಿದವರು ನಮ್ಮ ವಂಶದಲ್ಲೇ ಯಾರೂ ಇಲ್ಲ. ಇಷ್ಟು ದಿನ ಕಣ್ಣಿದ್ದವರಲ್ಲಿ ಅರ್ಧ ಜನವಾದರೂ ತಾವೇ ನೋಡಿಕೊಂಡು ಹೋಗುತ್ತಿದ್ದರು. ಇನ್ನು ಮೇಲೆ ಎಲ್ಲರೂ ಕೇಳಲೇಬೇಕು. ಕೇಳುವುದಾದರೂ ಯಾರನ್ನು? ಅದು ಯಾರ ಮನೆಯಾಗಿತ್ತೋ ಅವನನ್ನು ತಾನೇ!

ಟ್ಯಾಕ್ಸಿಯವನ ಹಿಂದೆ ಔಷಧಿ ಅಂಗಡಿಯವನು ಬಂದ, ಅವನ ಹಿಂದೆ ಮದುವೆ ಕರೆಯಲು ಬಂದ ಸಂಸಾರವೊಂದು, ಅದರ ಹಿಂದೆ ಬೆಳಗಿನ ಅದೇ ಕೆನಡಾದ ದಂಪತಿಗಳು. “ಇಲ್ಲದ ಮನೆಯಿಂದ ವಿಳಾಸ ಹೇಳ್ತೀರಂತೆ, ಇದು ಇನ್ನೂ ಸ್ವಾರಸ್ಯ!” ಎಂದು ಹೆಂಗಸು ಇನ್ನೊಂದು ಫೋಟೋ ತೆಗೆದಳು.

ಎಲಿಯೇಸರನಿಗೆ ರೇಗಿಹೋಯಿತು. ಒಂದು ರಟ್ಟು ಹರಿದು, ಮಾವನ ಕಾಲದಿಂದ ಉಳಿದಿದ್ದ ನೇರಳೆ ಬಣ್ಣ ಹುಡುಕಿ ತೆಗೆದು ದಪ್ಪಕ್ಷರದಲ್ಲಿ ಬರೆದ: ‘ನೇರಳೆ ಮನೆ ಇದ್ದದ್ದು ಇಲ್ಲಿ ಅಲ್ಲ. ಚರ್ಚಿನ ಹಿಂದೆ, ಮೂಲೆ ಮನೆ. ದಯವಿಟ್ಟು ಬಾಗಿಲು ಬಡಿಯಬೇಡಿ.’ ಚರ್ಚಿನ ಹಿಂದಿನ ಮೂಲೆ ಮನೆ ಓಲ್ಮನ್‌ನದು. ಓಲ್ಮನ್ ಹುಟ್ಟಿದಂದಿನಿಂದ ಕೆಲಸ ಹುಡುಕುತ್ತಿದ್ದಾನೆ, ಹುಡುಕುವುದು ಜಗಲಿಯ ಜೋಲಿಯಲ್ಲಿ ಮಲಗಿಕೊಂಡು. ‘ಆ ಸೋಮಾರಿಗೂ ಒಂದಿಷ್ಟು ಕೆಲಸ ಸಿಗಲಿ’ ಎಂದುಕೊಂಡು ಎಲಿಯೇಸರ್ ರಟ್ಟನ್ನು ಗೇಟಿಗೆ ಕಟ್ಟಿದ.

ಪವಾಡವೇ ನಡೆಯಿತು. ಜನ ಬಂದರು, ಓದಿದರು, ಹೋದರು. ಒಬ್ಬನೂ ಬಾಗಿಲು ಮುಟ್ಟಲಿಲ್ಲ. ಎಲಿಯೇಸರ್ ಕಲ್ಲು ನೀರಲ್ಲಿ ಮುಳುಗಿದ ಹಾಗೆ ನಿದ್ದೆಯಲ್ಲಿ ಮುಳುಗಿದ.

ಅವನು ಎದ್ದಾಗ ಸಂಜೆಯಾಗಿತ್ತು. ಮೈ ಹಗುರ, ತಲೆ ತಿಳಿ. ಇವತ್ತು ಒಂದೇ ಒಂದು ಬನ್ನೂ ಸೀಯುವುದಿಲ್ಲ ಎಂದು ಹಾಡಿಕೊಳ್ಳುತ್ತ ಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ಓಲ್ಮನ್ ಕೂತಿದ್ದ. ಜಗಳಕ್ಕೆ ಬಂದಿದ್ದಾನೆಂದು ಎಲಿಯೇಸರ್ ಎರಡು ಹೆಜ್ಜೆ ಹಿಂದೆ ಸರಿದ. ಓಲ್ಮನ್ ಬಂದು ತಬ್ಬಿಕೊಂಡ.

“ಮಾರಾಯಾ, ನಿನ್ನ ಉಪಕಾರ ಈ ಜನ್ಮದಲ್ಲಿ ತೀರ್ಸಕ್ಕಾಗಲ್ಲ ಕಣೋ! ನನಗೆ ಕೆಲಸ ಸಿಕ್ತು!”

“ಏನು ಕೆಲಸ?”

“ಮಧ್ಯಾಹ್ನ ನಿಮ್ಮ ದೋನ್ ಫೆರ್ಮಿನ್ ಬಂದಿದ್ರು, ಪಾಪ, ನಿನ್ನನ್ನೇ ಹುಡುಕ್ಕೊಂಡು. ನಿನ್ನ ಮನೆ ಯಾವತ್ತೂ ನೋಡಿಲ್ವಂತೆ, ನೇರಳೆ ಮನೆ ಅಂತ ಮಾತ್ರ ಗೊತ್ತಂತೆ. ಫೋನ್ ಮಾಡಿದ್ರೆ ಆಫು. ನಿನ್ನ ಗೇಟಲ್ಲಿ ರಟ್ಟು ಓದ್ಕೊಂಡು ನೆಟ್ಟಗೆ ನಮ್ಮನೆಗೆ ಬಂದ್ರು.”

ಎಲಿಯೇಸರ್ ಗೇಟಿನ ರಟ್ಟಿನ ಕಡೆ ತಿರುಗಿ ನೋಡಿದ. “ಯಾಕಂತೆ?”

“ಹಗಲು ಪಾಳಿಯವನು ಕೆಲಸ ಬಿಟ್ಟು ಹೋದ್ನಂತೆ. ‘ಎಲಿಯೇಸರ್ ಒಳ್ಳೆಯವನು, ಅವನಿಗೆ ರಾತ್ರಿ ಕೆಲಸ ಆಗ್ಬರಲ್ಲ, ಹಗಲಿಗೆ ಹಾಕೋಣ ಅಂತ ಬಂದೆ’ ಅಂದ್ರು.”

“ಮತ್ತೆ ನನ್ನ ಮನೆ ತೋರಿಸಕ್ಕೇನಾಗಿತ್ತು ನಿಂಗೆ!”

“ತೋರಿಸ್ಬೇಕು ಅಂತಾನೇ ಎದ್ದೆ ಕಣೋ. ಬಾಗಿಲು ಬಡಿಯಬೇಡಿ ಅಂತ ನೀನೇ ಬರ್ದಿದ್ದೀಯಂತಲ್ಲ. ದುಡಿದು ಮಲಗಿದೋನ ನಿದ್ದೆ ಕೆಡ್ಸಿ ಯಾಕೆ ಪಾಪ ಕಟ್ಕೊಳ್ಳೋದು ಅಂತ ಸುಮ್ನಾದೆ. ಬಿಸಿಲಲ್ಲಿ ಬಂದಿದ್ರಲ್ಲ, ಕೂರ್ಸಿ ಕಾಫಿ ಕೊಟ್ಟೆ. ಕುಡಿದು ನನ್ನನ್ನೇ ನೋಡಿದ್ರು. ‘ನಿಂಗೆ ಬ್ರೆಡ್ ಮಾಡಕ್ಕೆ ಬರುತ್ತೇನಯ್ಯಾ?’ ಅಂದ್ರು. ತಿನ್ನಕ್ಕೆ ಬರುತ್ತೆ ಅಂದೆ. ‘ಹಗಲಿಗೆ ಅಷ್ಟು ಸಾಕು, ಮಾಡೋದೆಲ್ಲ ಎಲಿಯೇಸರ್ ರಾತ್ರಿನೇ ಮಾಡಿಟ್ಟಿರ್ತಾನೆ. ಇನ್ನೊಬ್ಬನ್ನ ಹುಡುಕ್ಕೊಂಡು ಊರು ಸುತ್ತೋ ಶಕ್ತಿ ನಂಗಿಲ್ಲ, ನೀನೇ ಬಾ’ ಅಂದ್ರು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಎಲಿಯೇಸರನದು ಅದಕ್ಕಿಂತ ಒಂದು ಕೈ ಮೇಲು. ತುತ್ತು ತಾನಾಗಿ ಗೇಟಿನವರೆಗೆ ನಡೆದು ಬಂದಿತ್ತು. ಇವನು ಅದಕ್ಕೆ ಬರಹದಲ್ಲಿ ದಾರಿ ತೋರಿಸಿ ಪಕ್ಕದ ಬೀದಿಗೆ ಕಳಿಸಿದ್ದ. ಮೆಟ್ಟಿಲ ಮೇಲೆ ಕುಸಿದು ಕೂತು, ಇಷ್ಟು ಸೊಗಸಾಗಿ ನಿದ್ದೆ ಮಾಡಿದ್ದಕ್ಕೆ ತನ್ನನ್ನು ತಾನೇ ಶಪಿಸಿಕೊಂಡ.

“ಬೇಜಾರು ಮಾಡ್ಕೋಬೇಡ್ವೋ, ನಿನ್ನ ರಾತ್ರಿ ಪಾಳಿ ಎಲ್ಲೂ ಹೋಗಲ್ಲ” ಎಂದು ಓಲ್ಮನ್ ಬೆನ್ನು ತಟ್ಟಿದ. “ಆಮೇಲೆ ಇನ್ನೊಂದು ಮಾತು. ನಾಳೆಯಿಂದ ಹಗಲೆಲ್ಲ ನಾನು ಮನೇಲಿರಲ್ವಲ್ಲ, ದಾರಿ ಕೇಳ್ಕೊಂಡು ಬರೋರಿಗೆ ತೊಂದರೆ ಆಗ್ಬಾರ್ದು ನೋಡು. ನಮ್ಮ ಗೇಟಿಗೂ ಒಂದು ರಟ್ಟು ಕಟ್ಟಿ ಬಂದಿದ್ದೀನಿ. ‘ವಿಚಾರಣೆಗೆ ಬೇಕರಿ ಎಲಿಯೇಸರ್ ಮನೆಗೆ ಹೋಗಿ. ಹಗಲೆಲ್ಲ ಮನೆಯಲ್ಲೇ ಇರ್ತಾನೆ. ಗಾಢ ನಿದ್ದೆಯವನು, ಜೋರಾಗಿ ಬಡೀರಿ.’”